ಶಾರದಕ್ಕನ ಡಬ್ಬಿ ಹಿಡಿದು ಬೀದರಿಗೆ

ಬೀದರ್, ಲಾಡ್ಜಿನ ಕೋಣೆ

ಆ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು: ಐದಕ್ಕೆ ಎದ್ದು, ನಾವೇ ತಂದಿದ್ದ ಹೊದಿಕೆಗಳನ್ನು ಮಡಿಸಿಟ್ಟೆ. ಇವರ ಎರಡು ಕರವಸ್ತ್ರ, ನನ್ನ ಒಂದು ರವಿಕೆ ಒಗೆದು ಕಿಟಕಿಯ ಸರಳಿಗೆ ಹರವಿದೆ. ಕೆಳಗಿನಿಂದ ಬಿಸಿನೀರು ತರಿಸಿ, ಬೆಳಕಿಗೆ ಹಿಡಿದು ನೋಡಿ, ಮೂಸಿ, ಆಮೇಲೆ ಬಾಟಲಿಗೆ ತುಂಬಿದೆ. ಇವರಿಗೆ ಬಿಪಿ ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿದೆ. ಕೊನೆಗೆ ಚೀಲದ ತಳದಿಂದ, ಹಳೆಯ ಲಂಗದಲ್ಲಿ ಸುತ್ತಿದ್ದ ಡಬ್ಬಿಯನ್ನು ತೆಗೆದು, ತಲೆಪಿನ್ನಿನಿಂದ ಅದರ ತಳದಲ್ಲಿ ಒಂದು ಪುಟ್ಟ ಗೀರು ಎಳೆದು, ಮತ್ತೆ ಸುತ್ತಿಟ್ಟೆ.

ಗೀರು ಯಾಕೆಂದು ಹೇಳಿಬಿಡುತ್ತೇನೆ. ಡಬ್ಬಿಯನ್ನು ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದವರ ಕೈಗೆ ಕೊಡುವುದಿತ್ತು. ಕೊಟ್ಟದ್ದು ಒಂದು, ವಾಪಸು ಬಂದದ್ದು ಇನ್ನೊಂದು ಆದರೆ ಹಿಡಿಯಬೇಕಲ್ಲ.

ಅದು ಬಿದರಿ ಕೆಲಸದ ಎಲೆಯಡಿಕೆ ಡಬ್ಬಿ. ಕಾಡಿಗೆಯಂಥ ಕಪ್ಪು ಮೈ, ಅದರೊಳಗೆ ಬೆಳ್ಳಿ ಕೂರಿಸಿ ಬಿಡಿಸಿದ ಹೂಬಳ್ಳಿ. ಹಾಗಿತ್ತು ಎನ್ನಬೇಕು. ಅದು ನನ್ನ ಗಂಡನ ಅಕ್ಕ ಶಾರದಕ್ಕನದು. ಮದುವೆಗೆ ಮುಂಚೆ ಅವರು ಭಾಲ್ಕಿಯಲ್ಲಿ ನಾಲ್ಕು ವರ್ಷ ನರ್ಸಾಗಿದ್ದರು. ಹೊರಡುವಾಗ ಅಲ್ಲಿನವರು ಕೊಟ್ಟದ್ದಂತೆ. ಈಗ ಶಾರದಕ್ಕ ನಮ್ಮ ಜೊತೆಯೇ ಇದ್ದಾರೆ. ಮಗಳ ಬಾಣಂತನಕ್ಕೆಂದು ಅವರು ಕೊಳ್ಳೇಗಾಲಕ್ಕೆ ಹೋಗಿದ್ದಾಗ ನಾನು ಅವರ ಕೋಣೆ ಒರೆಸಿ, ಹಿತ್ತಾಳೆ ಸಾಮಾನುಗಳ ಜೊತೆಗೆ ಈ ಡಬ್ಬಿಯನ್ನೂ ಹಿತ್ತಲಿಗೆ ಒಯ್ದು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿಬಿಟ್ಟೆ. ಎಷ್ಟು ವರ್ಷದ ಕಿಲುಬೋ ಎಂದುಕೊಂಡೆ. ಕಪ್ಪು ಬಿಟ್ಟಷ್ಟೂ ಕೈಗೆ ಹುರುಪು ಬಂತು. ತೊಳೆದು ನೋಡಿದರೆ ಡಬ್ಬಿ ಹಳೆಯ ಇಡ್ಲಿ ತಟ್ಟೆಯ ಬಣ್ಣಕ್ಕೆ ಬಂದಿದೆ, ಹೂವು ಯಾವುದು ಮೈ ಯಾವುದು ಒಂದೂ ತಿಳಿಯದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನ ಗಂಡ ಸಂಜೆ ಬಂದು, "ಅದು ಸತುವಿನದು ಕಣೇ, ಹುಳಿ ತಾಕಿಸಬಾರದು" ಎಂದರು. ಇಪ್ಪತ್ತೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದವರಿಗೆ ಈ ಪಾಠವನ್ನು ಒಂದು ದಿನ ಮೊದಲೇ ಹೇಳಲು ಪುರುಸೊತ್ತಾಗಿರಲಿಲ್ಲ.

ಭಾನುವಾರ ಶಾರದಕ್ಕ ಮನೆಗೆ ಬರುವವರು. ಅಷ್ಟರೊಳಗೆ ಡಬ್ಬಿ ಮೊದಲಿನ ಕಪ್ಪಿಗೆ ಬಂದು ಅವರ ಕಪಾಟಿನಲ್ಲಿ ಕೂತಿರಬೇಕು, ಅವರಿಗೆ ಏನೊಂದೂ ಗೊತ್ತಾಗಬಾರದು. ನಾವು ಬಂದದ್ದು ಇದಕ್ಕೆ. ಅವರಿಗೆ ಫೋನಿನಲ್ಲಿ, ನಂಜನಗೂಡಿನಲ್ಲಿ ಮದುವೆ ಎಂದಿದ್ದೆ.

ನಕಾಶೆಯಲ್ಲಿ ನಮ್ಮ ಚಾಮರಾಜನಗರ ರಾಜ್ಯದ ಅಂಗಾಲು, ಬೀದರ್ ನೆತ್ತಿ. ಪಾಸ್‌ಪೋರ್ಟ್ ಕೇಳಲಿಲ್ಲ ಎನ್ನುವುದೊಂದು ಬಿಟ್ಟರೆ ಬೀದರ್ ನನಗೆ ಪರದೇಶವೇ. ಸ್ಟೇಷನ್ನಿನಲ್ಲಿ ಇಳಿದಾಗ ಸುತ್ತ ಕನ್ನಡವೇ ಕೇಳುತ್ತಿತ್ತು, ಆದರೆ ಒಂದು ವಾಕ್ಯ ಅರ್ಥವಾಗುವಷ್ಟರಲ್ಲಿ ಮುಂದಿನ ಎರಡು ವಾಕ್ಯ ದಾಟಿಹೋಗಿರುತ್ತಿದ್ದವು. ನಡುವೆ ಉರ್ದು, ನಡುವೆ ಮರಾಠಿ. ಗೊತ್ತಿಲ್ಲದ ಭಾಷೆಯಲ್ಲಿ ಜನ ನಕ್ಕರೆ, ನನ್ನ ಸ್ವಭಾವಕ್ಕೆ, ಅವರು ನನ್ನನ್ನು ನೋಡಿಯೇ ನಕ್ಕಂತೆ ಕೇಳುತ್ತದೆ.

ಗಂಜಿನಿಂದ ಚೌಬಾರಾಕ್ಕೆ

ನಮಗಾಗಿಯೇ ಬೀದರ್ ಸುತ್ತಿಸಲು ಒಬ್ಬ ಗೈಡನ್ನು ಗೊತ್ತುಮಾಡಿದ್ದೆವು. ಹೆಸರು ಮಾಣಿಕಪ್ಪ, ಐವತ್ತೈದರ ಆಸುಪಾಸು, ತಲೆಗೆ ಬಿಳಿ ಟೊಪ್ಪಿಗೆ, ಕಾಲಿಗೆ ಕ್ರಿಕೆಟ್ ಆಡುವವರ ಬೂಟು. ನೋಡಬೇಕಾದ್ದನ್ನು ನಾವೇ ಬರೆದು ಕಳಿಸಬೇಕು, ಅವರು ಅಷ್ಟನ್ನೇ ಕಾಲ್ನಡಿಗೆಯಲ್ಲಿ ತೋರಿಸುತ್ತಾರೆ. ನಾನು ಬರೆದದ್ದು: ಒಂದು, ಬಿದರಿ ಸಾಮಾನಿಗೆ ಕಪ್ಪು ಹಿಡಿಸುವವರ ಮನೆ, ಅಂಗಡಿ ಬೇಡ. ಎರಡು, ಯಾವ ಅಂಗಡಿಯೂ ಬೇಡ. ಇವರು ಸೇರಿಸಿದ್ದು: ಕೋಟೆ, ಮತ್ತು ಮರುದಿನ ಭಾಲ್ಕಿ.

"ನಿಮ್ಮ ಚೀಟಿ ಓದೇನ್ರಿ ಅಕ್ಕೋರೆ," ಎಂದರು ಮಾಣಿಕಪ್ಪ. "ಅಂಗಡಿ ಬ್ಯಾಡ ಅಂತ ಎರಡು ಸಲ ಬರದೀರಿ. ನಮ್ಮ ಬೀದರ್‌ನ್ಯಾಗ ಒಂದ್ ಸಲ ಹೇಳಿದ್ರೂ ಕೇಳ್ತೇವ್ರಿ."

ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರನ್ನು ನಾನು ಇನ್ನೊಂದು ಕಣ್ಣಿಟ್ಟು ನೋಡುತ್ತೇನೆ.

ಮೊದಲು ಗಾಂಧಿ ಗಂಜ್ ಎಂಬ ಧಾನ್ಯದ ಮಂಡಿಯೊಳಗೇ ಕರೆದುಕೊಂಡು ಹೊರಟರು. ನಮ್ಮ ಚೀಟಿಯಲ್ಲಿ ಗಂಜ್ ಇರಲಿಲ್ಲ. ಲಾರಿ, ಕೈಗಾಡಿ, ತೊಗರಿಯ ಧೂಳು. ಹಮಾಲರೆಲ್ಲ ಮಾಣಿಕಪ್ಪನವರಿಗೆ ಕೈ ಎತ್ತುತ್ತಿದ್ದರು. ಅಲ್ಲಿ ಇಪ್ಪತ್ತು ವರ್ಷ ತಕ್ಕಡಿಯ ಹತ್ತಿರ ನಿಂತು ತೂಕ ಕೂಗಿದವರಂತೆ. ಚೀಲದ ಮೇಲೆ ಕೂತಿದ್ದ ಒಬ್ಬ ಮುದುಕ ನನ್ನ ಕಂಕುಳ ಚೀಲವನ್ನು ನೋಡಿ ಏನೋ ಉರ್ದುವಿನಲ್ಲಿ ಹೇಳಿದ, ಮಾಣಿಕಪ್ಪ ಏನೋ ಉತ್ತರ ಕೊಟ್ಟರು, ಇಬ್ಬರೂ ನಕ್ಕರು.

"ಏನಂದರು ಅವರು?" ಎಂದೆ.

"ಏನಿಲ್ಲ ಬಿಡ್ರಿ."

"ಏನೋ ಅಂದರಲ್ಲ."

"ಅಕ್ಕೋರು ಚೀಲ ಹಿಡಕೊಂಡಿದ್ದು ನೋಡಿದ್ರ ಅದರಾಗ ಹಸಗೂಸು ಇದ್ದಂಗ ಕಾಣ್ತದ, ಅಂದಾರ್ರಿ. ನಾ ಅಂದೆ, ಇರಬಹುದು, ನನಗೂ ತೋರಿಸಿಲ್ಲ."

ಇವರೂ ನಕ್ಕರು. ನಾನು ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

ಅಲ್ಲಿಂದ ಊರೊಳಗೆ. ಎಲ್ಲಿಗೆ ಕೇಳಿದರೂ "ಇಲ್ಲೇ ಸನೇಕ್ರಿ" ಎನ್ನುವುದು. ಸನೇಕ ಎಂದರೆ ಹತ್ತಿರ ಎಂದು ಇವರು ಅರ್ಥ ಹೇಳಿದರು. ಅದು ಎಷ್ಟು ಹತ್ತಿರ ಎಂದು ನನ್ನ ಕಾಲು ಹೇಳಿತು. ಚೌಬಾರಾದ ಗುಂಡನೆಯ ಗೋಪುರ ಒಮ್ಮೆ ಎಡಕ್ಕೆ ಕಂಡಿತು, ಅರ್ಧ ಗಂಟೆ ನಡೆದ ಮೇಲೆ ಅದೇ ಗೋಪುರ ಬಲಕ್ಕೆ ಕಂಡಿತು. ನಾನು ನಿಂತುಬಿಟ್ಟೆ.

"ನಮಗೆ ದಾರಿ ಗುರುತು ಸಿಗಬಾರದು ಅಂತ ಸುತ್ತಿಸ್ತಾ ಇದ್ದೀರಾ?"

ಮಾಣಿಕಪ್ಪನವರಿಗೆ ಬೇಜಾರಾದಂತೆ ಕಾಣಲಿಲ್ಲ. ಮೇಲೆ ನೋಡಿ, ಗೋಡೆಯ ಮೇಲೆ ಕೈಯಿಟ್ಟರು. "ಸೀದಾ ರಸ್ತಾ ಅದರಿ. ಅಲ್ಲಿ ಈ ಹೊತ್ತಿನಾಗ ನೆಳ್ಳಿಲ್ಲ. ನಾ ಮಂದೀಗಿ ನೆಳ್ಳ ಹಿಡದ ಕರಕೊಂಡ ಹೋಗ್ತೇನಿ. ಬೇಕಂದ್ರ ಬಿಸಲಾಗ ಹೋಗೂಣು ಬರ್ರಿ."

ಹೌದು, ಅಷ್ಟು ಹೊತ್ತು ನಮ್ಮ ತಲೆಯ ಮೇಲೆ ಬಿಸಿಲು ಬಿದ್ದಿರಲಿಲ್ಲ. ಆದರೂ ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಒಂದು ಗುರುತು ಇಟ್ಟುಕೊಂಡೆ: ಹಸಿರು ಬಾಗಿಲು, ಮುರಿದ ಪೈಪು, ಮೇಕೆ ಕಟ್ಟಿದ ಕಂಬ. ಮೇಕೆ ಆಮೇಲೆ ಎದ್ದು ಹೋಯಿತು.

ಕೋಟೆಯ ಒಳಗೆ

ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಕಲ್ಲು ಬೂದು. ಇಲ್ಲಿ ನೆಲ, ಗೋಡೆ, ಧೂಳು, ಕೊನೆಗೆ ನನ್ನ ಸೆರಗಿನ ಅಂಚು ಎಲ್ಲ ಕೆಂಪು. ಇವರು ಕಂದಕದ ಆಳ ಅಳೆಯುವವರಂತೆ ಬಗ್ಗಿ ನೋಡುತ್ತಿದ್ದರೆ ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡಿದ್ದೆ.

ಮಾಣಿಕಪ್ಪ ನಮ್ಮನ್ನು ಒಂದು ಕತ್ತಲ ಕಮಾನಿನೊಳಗೆ ಕರೆದರು. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತು ನೋಡಿದೆ. ಅವರು ಗೋಡೆಯ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡರು.

"ಬಿದರಿ ಕಪ್ಪು ಬರೋದು ಈ ಮಣ್ಣಿನ ಮ್ಯಾಲರಿ. ಬಿಸಲೂ ಬೀಳಬಾರದು, ಮಳೀನೂ ಬೀಳಬಾರದು, ಅಂಥಾ ಜಾಗಾದ ಮಣ್ಣು. ಕೆಲಸದವರು ತಿಂದೇ ನೋಡ್ತಾರ. ನಾಲಿಗಿ ಮ್ಯಾಲ ಚುರ್ ಅಂತು ಅಂದ್ರ ಬೇಷ್ ಮಣ್ಣು."

ಇವರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ವಿಜ್ಞಾನದ ಮೇಷ್ಟ್ರು! ಮನೆಯಲ್ಲಿ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ತಟ್ಟೆ ಸರಿಸುವವರು.

"ಉಪ್ಪಿನ ಅಂಶ ಇದೆ ಕಣೇ, ಕ್ಷಾರ," ಎಂದರು ಚಪ್ಪರಿಸುತ್ತ.

ಬಾಟಲಿಯ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದೆ. ಮಣ್ಣು ತಿನ್ನಿಸುವ ಗೈಡನ್ನು ನಂಬಿ ಡಬ್ಬಿ ಕೊಡುವುದು ಹೇಗೆ ಎಂಬ ಯೋಚನೆ ಹತ್ತಿತು.

ಖೈರುನಬಿಯ ಅಂಗಳ

ಚೌಬಾರಾದ ಹಿಂದಿನ ಒಂದು ಗಲ್ಲಿಯಲ್ಲಿ, ಹಸಿರು ಬಾಗಿಲಿನಿಂದ ನಾಲ್ಕನೆಯ ಮನೆ. ಒಳಗೆ ಗಂಡಸು ಇರುತ್ತಾನೆ ಎಂದುಕೊಂಡಿದ್ದೆ. ಇದ್ದದ್ದು ಒಬ್ಬ ಹೆಂಗಸು, ನನ್ನದೇ ವಯಸ್ಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಮಣೆಯ ಮೇಲೆ ಕೂತು ಹೂದಾನಿಯೊಂದನ್ನು ಕಾಲ ನಡುವೆ ಹಿಡಿದು ಉಜ್ಜುತ್ತಿದ್ದಳು. ಬೆರಳ ತುದಿಗಳು ಕಪ್ಪು. ಗಂಡ ಎರಕ ಹೊಯ್ಯುತ್ತಿದ್ದನಂತೆ, ತೀರಿಕೊಂಡ ಮೇಲೆ ಕಪ್ಪು ಹಿಡಿಸುವ ಕೆಲಸ ಈಕೆ ನೋಡಿಕೊಳ್ಳುತ್ತಿದ್ದಾಳೆ. ಹೆಸರು ಖೈರುನಬಿ.

ಡಬ್ಬಿಯನ್ನು ಲಂಗದಿಂದ ಬಿಡಿಸಿ ಕೊಟ್ಟೆ. ಅವಳು ಒಮ್ಮೆ ಅದನ್ನು ನೋಡಿ, ಒಮ್ಮೆ ನನ್ನನ್ನು ನೋಡಿದಳು.

"ಹುಣಸಿಹಣ್ಣರಿ?"

ಲಂಗವನ್ನು ಮಡಿಸತೊಡಗಿದೆ.

"ಅರೆ ಅಮ್ಮಾ! ಹುಣಸಿಹಣ್ಣ ಸಾರಿಗಿ ಹಾಕಬೇಕು. ಇದಕ್ಕ ಯಾಕ ಹಾಕಿದ್ರಿ? ನಿಮ್ಮ ಕಡಿ ಕರಿ ಬಣ್ಣ ಕಂಡ್ರ ಎಲ್ಲಾನೂ ತಿಕ್ಕತೀರೇನು? ಎಮ್ಮಿ?"

ಮಾಣಿಕಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದರು.

"ಆಗುತ್ತೋ ಇಲ್ಲವೋ ಹೇಳಿ," ಎಂದೆ.

"ಆಗ್ತದ. ಮದಲ ಮೈಯೆಲ್ಲಾ ಉಜ್ಜಿ ಸಾಫ್ ಮಾಡಬೇಕು. ಬಿಸಿ ಮಾಡಿ, ಕಿಲ್ಲಾದ ಮಣ್ಣು, ನವಸಾಗರದ ಉಪ್ಪು ಹಚ್ಚಬೇಕು. ಉಜ್ಜುವಾಗ ಬೆಳ್ಳಿ ಜರಾ ಸವೀತದ. ಅದಕ್ಕ ಮಾಲೀಕರು ಹೂಂ ಅಂದ ಮ್ಯಾಲೇ ನಾವು ಕೈ ಹಚ್ಚತೇವಿ. ನಮ್ಮ ಮಾವನ ಕಾಲದಿಂದ ಇದೇ ರಿವಾಜು. ಯಾರದಿದು?"

"ನನ್ನದೇ. ಹೂಂ."

"ಯಾರು ಕೊಟ್ಟಾರ?"

"ತೆಗೆದುಕೊಂಡದ್ದು. ಮೈಸೂರಿನ ವಸ್ತುಪ್ರದರ್ಶನದಲ್ಲಿ."

ಇವರು ನನ್ನ ಕಡೆ ತಿರುಗಿದರು. ನಾನು ತುಳಿಯುವವಳಂತೆ ಇವರ ಕಾಲಿನ ಕಡೆ ನೋಡಿದೆ, ಇವರಿಗೆ ಅರ್ಥವಾಯಿತು. ಖೈರುನಬಿ ಡಬ್ಬಿಯನ್ನು ತಲೆಕೆಳಗು ಮಾಡಿ ತಳವನ್ನು ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದಳು.

"ಇಟ್ಟು ಹೋಗ್ರಿ. ನಾಳಿ ನೋಡೂಣು."

ಕೂತು ನೋಡುತ್ತೇನೆ, ಇವತ್ತೇ ಮಾಡಿ ಎಂದೆ. ಆಗುವುದಿಲ್ಲ ಎಂದಳು. ಗೋಡೆಯ ಗೂಡಿನಲ್ಲಿ ಅಂಥವೇ ಮೂರು ಡಬ್ಬಿಗಳಿದ್ದವು. ಎರಡು ಕಪ್ಪು, ಒಂದು ಬೂದು. ಆ ಬೂದು ಡಬ್ಬಿಯ ಅಳತೆಯನ್ನು ಕಣ್ಣಲ್ಲೇ ನಮ್ಮದರ ಜೊತೆ ಹೋಲಿಸಿದೆ. ಬದಲಾಯಿಸುವವರಿಗೆ ಇನ್ನೇನು ಬೇಕು? ಗೀರು ಎಳೆದ ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡು ಹೊರಗೆ ಬಂದೆ.

ಮಧ್ಯಾಹ್ನ ಸುಸಲಾ ಮತ್ತು ಮಿರ್ಚಿ ತಿಂದೆವು. ಸುಸಲಾ ಎಂದರೆ ಮಂಡಕ್ಕಿ ಒಗ್ಗರಣೆ. ಇಷ್ಟು ದೂರ ಬಂದು ಒಗ್ಗರಣೆ ಮಂಡಕ್ಕಿಗೆ ಹೊಸ ಹೆಸರು ಕಲಿತಂತಾಯಿತು.

ಭಾಲ್ಕಿ

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಭಾಲ್ಕಿಗೆ. ಅಕ್ಕ ಇದ್ದ ಊರು ನೋಡಬೇಕು ಎಂಬ ಹಟ ಇವರದು. ನನಗೆ ಬೇಡವಾಗಿತ್ತು. ಡಬ್ಬಿ ಬೀದರಿನಲ್ಲಿರುವಾಗ ನಮ್ಮನ್ನು ಊರಿನಿಂದ ಆಚೆ ಸಾಗಿಸುತ್ತಿದ್ದಾರೆ ಎನಿಸುತ್ತಿತ್ತು. ಸಾಗಿಸುತ್ತಿದ್ದವರು ನನ್ನ ಗಂಡನೇ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಮಾಣಿಕಪ್ಪ ಅಲ್ಲೂ ನೆರಳು ಹಿಡಿದು ನಡೆಸಿದರು. ಕೋಟೆಯ ಗೋಡೆಯ ಪಕ್ಕ, ಬಜಾರಿನ ಹಿಂದೆ, ಕಲ್ಲು ಹಾಸಿದ ಒಂದು ಓಣಿ. ಶಾರದಕ್ಕ ಹೇಳುತ್ತಿದ್ದ ಗುರುತು ಇವರಿಗೆ ನೆನಪಿತ್ತು: ಬೇವಿನ ಮರ, ಎದುರಿಗೆ ಎರಡು ಕಟ್ಟೆಯ ಮನೆ. ಕಟ್ಟೆಯ ಮೇಲೆ ಒಬ್ಬ ಹೆಂಗಸು ಶೇಂಗಾ ಬಿಡಿಸುತ್ತ ಕೂತಿದ್ದರು. ಅರವತ್ತು ದಾಟಿರಬೇಕು. ಹೆಸರು ಕಲಾವತಿ ಎಂದು ಆಮೇಲೆ ತಿಳಿಯಿತು.

"ಇಲ್ಲಿ ಹಿಂದೆ ಶಾರದಾ ಅಂತ ಒಬ್ಬರು ನರ್ಸ್ ಇದ್ದರಂತೆ," ಎಂದರು ಇವರು.

ಶೇಂಗಾದ ಮೊರ ನೆಲಕ್ಕೆ ಬಿತ್ತು. "ಶಾರದಾ ಸಿಸ್ಟರ್? ನೀವ್ಯಾರ್ರಿ?"

"ತಮ್ಮ."

"ಎವ್ವಾ!" ಎಂದು ಎದ್ದು ಬಂದು ಇವರ ಎರಡೂ ಕೈ ಹಿಡಿದುಕೊಂಡರು. "ನನ್ನ ಮದಲನೇ ಬಾಣಂತನ ಅವರೇ ಮಾಡ್ಯಾರ. ಅತ್ತಿ ಬೈದ್ರ ನಾ ಅವರ ಖೋಲ್ಯಾಗ ಹೋಗಿ ಅಳ್ತಿದ್ದೆ. ಈ ಮನಿ ಮೂಲ್ಯಾಗಿನ ಖೋಲಿ ನೋಡ್ರಿ, ಅಲ್ಲೇ ಇರ್ತಿದ್ರು. ಆಕಿ ಬಂದಿಲ್ಲ? ಯಾಕ ಕರಕೊಂಡ ಬರ್ಲಿಲ್ಲ?"

ಇವರು ನನ್ನನ್ನು ನೋಡಿದರು. ನಾನು, "ಮಂಡಿನೋವು, ಪ್ರಯಾಣ ಆಗಲ್ಲ" ಎಂದೆ. ಶಾರದಕ್ಕ ಕಳೆದ ತಿಂಗಳು ಮಹದೇಶ್ವರ ಬೆಟ್ಟ ಹತ್ತಿದವರು.

"ಅಯ್ಯೋ ಪಾಪ," ಎಂದರು ಕಲಾವತಿ. ನಮ್ಮನ್ನು ಕೂರಿಸಿ, ಬೆಲ್ಲದ ಜೊತೆ ಶೇಂಗಾ ಕೊಟ್ಟು, ಇದ್ದಕ್ಕಿದ್ದಂತೆ ಕೇಳಿದರು: "ಆಕಿ ಹೋಗುವಾಗ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೂಡಿ ಒಂದು ಬಿದರಿ ಡಬ್ಬಿ ಕೊಟ್ಟಿದ್ವಿ. ಎಲಿಅಡಿಕಿದು. ಹೂಬಳ್ಳಿದು. ಅದನ್ನಾದ್ರೂ ಇಟ್ಟಾಳೋ ಇಲ್ಲೋ?"

ಮಾಣಿಕಪ್ಪನವರ ಬಾಯಲ್ಲಿ ಶೇಂಗಾ ಇತ್ತು. ಅಗಿಯುವುದು ನಿಂತಿತು.

"ಇಟ್ಟಿದ್ದಾರೆ, ಇಟ್ಟಿದ್ದಾರೆ," ಎಂದೆ. "ಜೋಪಾನವಾಗಿದೆ."

ಸ್ವಲ್ಪ ಹೊತ್ತಿಗೆ ಮಾಣಿಕಪ್ಪ ಎದ್ದು ಬೇವಿನ ಮರದ ಹಿಂದೆ ಹೋಗಿ ಫೋನಿನಲ್ಲಿ ಮಾತಾಡಿದರು. ಉರ್ದುವಿನಲ್ಲಿ, ಬಾಯಿಗೆ ಕೈ ಅಡ್ಡವಿಟ್ಟು. ವಾಪಸು ಬಂದಾಗ ಮುಖದಲ್ಲಿ ನಗು ಇರಲಿಲ್ಲ.

"ಖೈರುನಬಿ ಔರಾದಿಗಿ ಹೋಗ್ಯಾಳ್ರಿ. ಮಗಳ ಮನಿಗಿ. ಡಬ್ಬಿನೂ ಒಯ್ದಾಳ. ಅಲ್ಲಿಗೇ ಬರ್ರಿ ಅಂದಾಳ."

ಭಾತಂಬ್ರಾದಲ್ಲಿ ಚಹಾ

ಭಾಲ್ಕಿಯಿಂದ ಜೀಪು ಹತ್ತಿದೆವು. ಇಷ್ಟು ಹೊತ್ತು ಮುಂದೆ ಕೂತು ಪ್ರತಿ ಮರದ ಕತೆ ಹೇಳುತ್ತಿದ್ದ ಮಾಣಿಕಪ್ಪ, ಈಗ ಹಿಂದೆ, ನಮ್ಮ ಬೆನ್ನ ಹಿಂದೆ ಕೂತರು. ನಾನು ಇವರ ಕಿವಿಯಲ್ಲಿ, "ಇದು ಇಬ್ಬರೂ ಸೇರಿ ಮಾಡಿದ ಆಟ. ಡಬ್ಬಿ ಹೋಯಿತು. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ" ಎಂದೆ.

"ಸುಮ್ಮನಿರು," ಎಂದರು ಇವರು. "ನಿನ್ನ ಸುಳ್ಳು ಅವರಿಗೆ ಗೊತ್ತಾಯಿತು. ಅವರ ಜಾಗದಲ್ಲಿ ನೀನಿದ್ದಿದ್ದರೆ ನಮ್ಮನ್ನು ಪೊಲೀಸಿಗೆ ಕೊಟ್ಟಿರುತ್ತಿದ್ದೆ."

ಭಾತಂಬ್ರಾದಲ್ಲಿ ಜೀಪು ನಿಂತಿತು. ಗಾಜಿನ ಪುಟ್ಟ ಲೋಟದಲ್ಲಿ ಚಹಾ ಬಂತು, ಹೆಬ್ಬೆಟ್ಟಿನಷ್ಟು ಚಹಾ, ಸಕ್ಕರೆ ಮಾತ್ರ ದೊಡ್ಡ ಲೋಟದ್ದು. ಮಾಣಿಕಪ್ಪ ತಮ್ಮ ಲೋಟ ಹಿಡಿದು ಬೇರೆ ಬೆಂಚಿನ ಮೇಲೆ ಕೂತರು. ಚಹಾ ಕುಡಿಯುವಷ್ಟು ಹೊತ್ತೂ ಅವರ ಕಣ್ಣು ನನ್ನ ಚೀಲದ ಮೇಲಿತ್ತು. ಹಿಂದಿನ ದಿನವೆಲ್ಲ ನಾನು ಅವರನ್ನು ನೋಡಿದ್ದ ಹಾಗೆಯೇ ನೋಡುತ್ತಿದ್ದರು. ಹಾಗೆ ನೋಡಿಸಿಕೊಂಡರೆ ಹೆಬ್ಬೆಟ್ಟಿನಷ್ಟು ಚಹಾವೂ ಮುಗಿಯುವುದಿಲ್ಲ ಎಂದು ಅವತ್ತು ತಿಳಿಯಿತು.

"ಅಕ್ಕೋರೆ," ಎಂದರು ಏಳುವಾಗ, "ಆ ಚೀಲದಾಗ ಮತ್ತೇನೇನ ಅದರಿ?"

"ಹೊದಿಕೆ. ಮಾತ್ರೆ," ಎಂದೆ.

"ಹೂಂ," ಎಂದರು. ನಂಬಲಿಲ್ಲ.

ಔರಾದ್

ಔರಾದಿನಲ್ಲಿ ನೆಲ ಕಪ್ಪು. ಬೀದರಿನ ಕೆಂಪು ನನ್ನ ಸೆರಗಿನಲ್ಲಿ ಇನ್ನೂ ಇತ್ತು, ಇಲ್ಲಿನ ಕಪ್ಪು ಚಪ್ಪಲಿಗೆ ಹತ್ತಿತು. ಖೈರುನಬಿಯ ಮಗಳಿಗೆ ಹೆರಿಗೆಯಾಗಿ ಅಂದಿಗೆ ನಲವತ್ತು ದಿನ. ಮನೆ ತುಂಬ ಹೆಂಗಸರು. ಬೀಗರು ಎಕಂಬಾದಿಂದ ಬಂದು ಅಂಗಳದಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಕೂಸು ತೊಟ್ಟಿಲಲ್ಲಿತ್ತು. ತೊಟ್ಟಿಲಿನ ಪಕ್ಕದ ಗೂಡಿನಲ್ಲಿ, ಬಿಳಿ ಬಟ್ಟೆಯ ಮೇಲೆ, ನಮ್ಮ ಡಬ್ಬಿ. ಬೂದು ಬಣ್ಣದ್ದೇ. ಅವಳು ಅದಕ್ಕೆ ಕೈಯೇ ಹಚ್ಚಿರಲಿಲ್ಲ.

"ಇಲ್ಲಿಗೆ ಯಾಕೆ ತಂದಿರಿ?" ಎಂದೆ. ದನಿ ಏರಿತ್ತು. ಈರುಳ್ಳಿ ಹೆಚ್ಚುವವರು ನಿಲ್ಲಿಸಿದರು.

"ಬ್ಯಾರೆಯವರ ಸಾಮಾನು ಖಾಲಿ ಮನ್ಯಾಗ ಬಿಟ್ಟು ಕೀಲಿ ಹಾಕಂಗಿಲ್ಲ ನಾವು. ನಾ ಎಲ್ಲಿ ಇರ್ತೇನಿ, ಅಲ್ಲಿ ಅದು," ಎಂದಳು ಖೈರುನಬಿ. ಆಮೇಲೆ ಡಬ್ಬಿಯನ್ನು ತಂದು ತಲೆಕೆಳಗು ಮಾಡಿ ನನ್ನ ಮುಂದೆ ಹಿಡಿದಳು. "ಈ ಗೀರು ಯಾರು ಹಾಕ್ಯಾರ? ಹೊಸಾದು. ಧೂಳ ಸುದ್ದಾ ಕುಂತಿಲ್ಲ."

"ನಾನೇ. ಗುರುತಿಗೆ."

"ತಮ್ಮ ಸಾಮಾನು ಗುರ್ತ ಹಿಡ್ಯಾಕ ಯಾರಿಗಿ ಗೀರು ಬೇಕ್ರಿ? ನನ್ನ ಕೂಸಿಗಿ ನಾ ಗೀರು ಹಾಕ್ತೇನೇನು?" ಅಂಗಳದಲ್ಲಿ ಯಾರೋ ಕಿಸಕ್ಕೆಂದರು. "ನಿನ್ನೇನೇ ನನಗ ಡೌಟ್ ಬಂತು, ಇದು ಈ ಹೆಣ್ಮಗಳದಲ್ಲ ಅಂತ. ಮೈಸೂರಾಗ ತಗೊಂಡದ್ದಂತ! ಈ ಬಳ್ಳಿ ನಮ್ಮ ಮಾವನ ಕೈಕೆಲಸ. ಆತ ಬೀದರ್ ಬಿಟ್ಟು ಎಲ್ಲೂ ಮಾರಿಲ್ಲ. ಈಗ ಮಾಣಿಕಣ್ಣನೂ ಹೇಳ್ಯಾನ. ಮಾಲೀಕರು ಹೂಂ ಅನ್ನೂತನಕ ನಾ ಉಜ್ಜಂಗಿಲ್ಲ. ಉಜ್ಜೂದಿಲ್ಲ, ನಿಮಗ ಕೊಡೂದೂ ಇಲ್ಲ."

ನಾನು ಇವರ ಕಡೆ ನೋಡಿದೆ. ಇವರು ಅಂಗಿಯ ಜೇಬಿನಿಂದ ಫೋನು ತೆಗೆದು, ಅಕ್ಕನ ನಂಬರು ಒತ್ತಿ, ನನ್ನ ಕೈಗೆ ಕೊಟ್ಟರು. "ನೀನೇ ಹೇಳು."

ಹೇಳಿದೆ. ಹನ್ನೆರಡು ಹೆಂಗಸರು, ಒಂದು ತೊಟ್ಟಿಲು, ಒಬ್ಬ ಗೈಡಿನ ಮುಂದೆ ನಿಂತು, ಹುಣಸೆಹಣ್ಣಿನಿಂದ ಹಿಡಿದು ನಂಜನಗೂಡಿನ ಮದುವೆಯವರೆಗೆ ಎಲ್ಲ ಹೇಳಿದೆ. ಸಿಗ್ನಲ್ ಹೋಗಿರಲಿ ಎಂದು ಒಮ್ಮೆ ಆಸೆಪಟ್ಟೆ.

"ಈಗ ಎಲ್ಲಿದ್ದೀಯ ಗಿರಿಜಾ?" ಎಂದರು ಶಾರದಕ್ಕ.

"ಔರಾದಿನಲ್ಲಿ ಅಕ್ಕ."

"ಭಾಲ್ಕಿಗೂ ಹೋಗಿದ್ರಾ?"

"ಹೋಗಿದ್ದೆವು. ನಿಮ್ಮ ಕೋಣೆ ನೋಡಿದೆವು. ಕಲಾವತಿ ಅನ್ನುವವರು ಕೇಳಿದರು."

"ಕಲಾ ಇದ್ದಾಳಾ?"

"ಇದ್ದಾರೆ."

"ಏನು ಕೇಳಿದಳು?"

"ನಿಮ್ಮನ್ನ ಯಾಕೆ ಕರೆದುಕೊಂಡು ಬರಲಿಲ್ಲ ಅಂತ."

"ಏನಂದೆ?"

ಮಂಡಿನೋವು ಎಂದಿದ್ದನ್ನು ಹೇಳಿದೆ. ಆಮೇಲೆ ಶಾರದಕ್ಕನ ದನಿ ಬೇರೆಯಾಗಿ ಬಂತು. "ಡಬ್ಬಿ ಹಾಳಾಗಿ ಹೋಗಲಿ ಅಮ್ಮಿ. ಇನ್ನೊಂದು ಸಲ ಬೇಕಾದರೂ ತಿಕ್ಕು. ನನ್ನ ಬಿಟ್ಟು ಭಾಲ್ಕಿಗೆ ಹೋದೆಯಲ್ಲ? ಮೂವತ್ತೈದು ವರ್ಷ ಆಯಿತು ನಾನು ಆ ಊರು ಬಿಟ್ಟು. ಒಂದು ಸಲ ಹೋಗಿಬರೋಣ ಅಂತ ನಿನ್ನ ಗಂಡನ ಹತ್ತಿರ ಎಷ್ಟು ಸಲ ಹೇಳಿದ್ದೀನಿ. ದೂರ ಅಕ್ಕ, ದೂರ ಅಕ್ಕ ಅಂತಿದ್ದ. ಈಗ ದೂರ ಆಗಲಿಲ್ಲವಾ?"

ಅದು ಜೋರಾಗಿ ಕೇಳುತ್ತಿತ್ತು. ಇವರು ತಲೆ ಬಗ್ಗಿಸಿ ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಉಜ್ಜತೊಡಗಿದರು. ನಾನು ಬಂದದ್ದೆಲ್ಲ ಡಬ್ಬಿಯ ಭಯಕ್ಕೆ. ಭಯ ಪಡಬೇಕಾದದ್ದು ಬೇರೆ ಇತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

ಖೈರುನಬಿ ಫೋನಿಗೆ ಕೈ ಚಾಚಿದಳು. "ಮಾಲೀಕರು ಖರೇನೋ ಅಲ್ಲೋ ನಾ ಕೇಳಬೇಕು. ಸಿಸ್ಟರ್, ಡಬ್ಬಿ ಮುಚ್ಚಳದ ಮ್ಯಾಲ ಏನು ಕಮ್ಮಿ ಅದ ಹೇಳ್ರಿ?" ಕೇಳಿಸಿಕೊಂಡು, ಮುಚ್ಚಳವನ್ನು ಬೆಳಕಿಗೆ ತಿರುಗಿಸಿ, ಒಂದು ಹೂವಿನಲ್ಲಿ ಎಸಳೊಂದು ಉದುರಿದ ಗುಳಿಯ ಮೇಲೆ ಬೆರಳಿಟ್ಟಳು. ಕೈಯಾರೆ ತಿಕ್ಕಿ ತೊಳೆದಿದ್ದ ನನಗೆ ಅದು ಕಂಡಿರಲಿಲ್ಲ. "ಸಹೀ ಅದ," ಎಂದಳು ಮಾಣಿಕಪ್ಪನ ಕಡೆ.

ಆಮೇಲೆ ಇಬ್ಬರೂ ಉರ್ದುವಿಗೆ ಇಳಿದರು. ಚಾಮರಾಜನಗರದಲ್ಲಿ ನಮ್ಮ ಜೊತೆ ಮುದ್ದೆ ತಿನ್ನುವ ಶಾರದಕ್ಕ ಆ ಕಡೆಯಿಂದ ಗಡಗಡನೆ ಮಾತಾಡುತ್ತಿದ್ದರು. ನಡುವೆ ನಗು. ಕಾಲು ಗಂಟೆ. ನನ್ನ ಬಗ್ಗೆಯೇ ಎಂದು ಈ ಸಲ ಅನುಮಾನವೇ ಇರಲಿಲ್ಲ, ಖೈರುನಬಿ ನನ್ನನ್ನು ನೋಡಿಕೊಂಡೇ ನಗುತ್ತಿದ್ದಳು.

ಫೋನು ನನಗೆ ವಾಪಸು ಬಂತು.

"ಡಬ್ಬಿ ಆಕೆಯ ಹತ್ತಿರ ಇರಲಿ," ಎಂದರು ಶಾರದಕ್ಕ. "ನಾನು ಬಂದು ಮುಂದೆ ಕೂತು ಕಪ್ಪು ಹಿಡಿಸಿಕೊಳ್ತೀನಿ. ಭಾನುವಾರ ಮನೆಗೆ ಬರಲ್ಲ, ಬೀದರಿಗೆ ಬರ್ತೀನಿ. ನೀವಿಬ್ಬರೂ ಅಲ್ಲೇ ಇರಿ. ಸ್ಟೇಷನ್ನಿಗೆ ಬನ್ನಿ. ಭಾಲ್ಕಿಗೆ ಮಾತ್ರ ಮತ್ತೆ ಹೋಗಬೇಡಿ ನಾನು ಬರೋ ಮುಂಚೆ."

ಖೈರುನಬಿ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿಗೆ ಇಟ್ಟಳು. ನನ್ನ ಬಾಯಿ ಸುಮ್ಮನಿರಲಿಲ್ಲ. "ಒಂದು ಚೀಟಿ ಬರೆದು ಕೊಡಿ. ಡಬ್ಬಿ ನಿಮ್ಮ ಹತ್ತಿರ ಇದೆ ಅಂತ."

"ನಿಮಗ್ಯಾಕ ಚೀಟಿ?" ಎಂದಳು. "ನಿಮ್ಮದಲ್ಲಲ್ಲ."

ಮಾಣಿಕಪ್ಪ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಎದುರಿಗೇ ನಕ್ಕರು. ಕೂಸಿನ ಅಪ್ಪನ ತಾಯಿ ಚಾಪೆ ಹಾಸಿ ಕೂರಿಸಿದರು. ನಾವು ಮಾಂಸ ತಿನ್ನುವವರಲ್ಲ ಎಂದು ಮಾಣಿಕಪ್ಪ ಮೊದಲೇ ಹೇಳಿದ್ದರಂತೆ. ಪಕ್ಕದ ಲಿಂಗವಂತರ ಮನೆಯಿಂದ ರೊಟ್ಟಿ, ಪಲ್ಯ ತಂದು ಮುಚ್ಚಿಟ್ಟಿದ್ದರು. ನಮ್ಮನ್ನು ಕಳ್ಳರೆಂದು ತಿಳಿದಿದ್ದ ಹೊತ್ತಿನಲ್ಲೇ ಅದನ್ನು ತರಿಸಿಟ್ಟಿದ್ದರು.

ಸಂಜೆಯ ಬಸ್ಸಿಗೆ ಬೀದರಿಗೆ ಬಂದೆವು. ಕಂಕುಳ ಚೀಲದಲ್ಲಿ ಹೊದಿಕೆ, ಮಾತ್ರೆ ಬಿಟ್ಟರೆ ಏನೂ ಇರಲಿಲ್ಲ, ಕೈ ಮಾತ್ರ ಅದನ್ನು ಮೊದಲಿನ ಹಾಗೇ ಒತ್ತಿ ಹಿಡಿದಿತ್ತು. ಲಾಡ್ಜಿನವನಿಗೆ ಇನ್ನೂ ಮೂರು ದಿನ ಇರುತ್ತೇವೆ ಎಂದು ಹೇಳಿದೆವು.

ಆ ದಿನ ತಿಂದದ್ದು: ಬೆಳಿಗ್ಗೆ ಎರಡು ಬಾಳೆಹಣ್ಣು, ಭಾಲ್ಕಿಯಲ್ಲಿ ಶೇಂಗಾ ಬೆಲ್ಲ, ಔರಾದಿನಲ್ಲಿ ಬಿಳಿಜೋಳದ ರೊಟ್ಟಿ ಎರಡು, ಪುಂಡಿಪಲ್ಯ, ಕೆನೆಮೊಸರು, ಬಟ್ಟಲು ತುಂಬ ಗೋಧಿ ಹುಗ್ಗಿ. ರಾತ್ರಿಗೆ ಖೈರುನಬಿ ಕಟ್ಟಿಕೊಟ್ಟಿದ್ದ ರೊಟ್ಟಿಯನ್ನೇ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ಮುರಿದುಕೊಂಡೆವು. ಎಂಟೂವರೆಗೆ ಕೊಳ್ಳೇಗಾಲದಿಂದ ಶಾರದಕ್ಕನ ಮಗಳ ಫೋನು: "ಏನತ್ತೆ ಮಾಡಿದ್ರಿ ಅಮ್ಮನಿಗೆ? ಮಧ್ಯಾಹ್ನದಿಂದ ಸೀರೆ ತೆಗೆದು ಇಡ್ತಾ ಇದ್ದರು. ಊಟಕ್ಕೂ ಕೂರದೆ ಎರಡು ಮುದ್ದೆ ನಿಂತುಕೊಂಡೇ ನುಂಗಿ ಏಳಕ್ಕೇ ಮಲಗಿಬಿಟ್ಟಿದ್ದಾರೆ. ರೈಲಿರೋದು ನಾಡಿದ್ದು." ನಮ್ಮ ಮೂವರಲ್ಲಿ ಅವತ್ತು ಮೊದಲು ಮಲಗಿದ್ದು ಶಾರದಕ್ಕ. ಆಮೇಲೆ ಇವರು. ಆಮೇಲೆ ನಾನು.